ಜಗಲಿಯ ವಿದ್ಯೆ

ಮನುಷ್ಯನು ಬಹುಕಾಲದ ಹಿಂದೆಯೇ ನಕ್ಷತ್ರಗಳ ಗತಿಯನ್ನು ಗುರುತಿಸಿದನು. ಗಿಡಮೂಲಿಕೆಗಳ ಗುಣಗಳನ್ನು ಅರಿತನು. ಲೋಹಗಳನ್ನು ಕರಗಿಸಿ ಬೇಕಾದ ಆಕಾರ ಕೊಟ್ಟನು. ಆದರೆ ತನ್ನನ್ನೇ ಕ್ರಮಬದ್ಧವಾಗಿ ಅಧ್ಯಯನ ಮಾಡಬೇಕೆಂಬ ಯೋಚನೆ ಅವನಿಗೆ ತಡವಾಗಿ ಬಂದಿತು. ಆ ಯೋಚನೆಯ ಫಲವಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಸ್ವತಂತ್ರ ಶಾಸ್ತ್ರವು ರೂಪುಗೊಂಡಿತು. ಅದೇ ಮಾನವಶಾಸ್ತ್ರ. ಮನುಷ್ಯನ ದೇಹರಚನೆ ಮತ್ತು ವಿಕಾಸ, ಅವನು ನೆಲದಲ್ಲಿ ಬಿಟ್ಟುಹೋದ ಪ್ರಾಚೀನ ಅವಶೇಷಗಳು, ಅವನ ಭಾಷೆಗಳು, ಅವನ ಆಚಾರ ವಿಚಾರಗಳು - ಇವು ಆ ಶಾಸ್ತ್ರದ ನಾಲ್ಕು ಶಾಖೆಗಳು. ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿಯು ಪದವಿಗಾಗಿ ಒಂದು ವಿಷಯವನ್ನು ಮುಖ್ಯವಾಗಿಯೂ ಬೇರೆ ಕೆಲವನ್ನು ಪೂರಕವಾಗಿಯೂ ಆರಿಸಿಕೊಳ್ಳುವ ಪದ್ಧತಿಯುಂಟು. ಮಾನವಶಾಸ್ತ್ರವನ್ನು ಹೀಗೆ ಎರಡು ಬಗೆಯಲ್ಲಿಯೂ ಅಲ್ಲಿ ಕಲಿಯಬಹುದು.

ಈ ಶಾಸ್ತ್ರಕ್ಕೆ ಒಂದು ವೈಶಿಷ್ಟ್ಯವಿದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಪ್ರಯೋಗಶಾಲೆಯಿದೆ. ಇತಿಹಾಸದ ವಿದ್ಯಾರ್ಥಿಗೆ ಶಾಸನಗಳೂ ಕಡತಗಳೂ ಇವೆ. ಮಾನವಶಾಸ್ತ್ರದ ವಿದ್ಯಾರ್ಥಿಗೆ ಜನರು ಬಾಳುವ ಊರುಕೇರಿಗಳೇ ಪ್ರಯೋಗಶಾಲೆ. ಅಲ್ಲಿ ಅವನು ಪರೀಕ್ಷಿಸಬೇಕಾದವರು ತನ್ನಂತೆಯೇ ಮಾತನಾಡುವ, ಯೋಚಿಸುವ, ಅವಮಾನವನ್ನು ಅರಿಯುವ ಮನುಷ್ಯರು. ಅವರು ಮನಸ್ಸು ತೆರೆದರೆ ಮಾತ್ರ ಅವನ ವಿದ್ಯೆ ಮುಂದುವರಿಯುತ್ತದೆ. ಇಲ್ಲವಾದರೆ ಪುಸ್ತಕದ ವಿದ್ಯೆಯೆಲ್ಲ ಹೊರಬಾಗಿಲಲ್ಲಿಯೇ ನಿಲ್ಲುತ್ತದೆ. ಈ ಮಾತಿನ ಅರ್ಥವನ್ನು ತಿಳಿಯಲು ಜೋರಾ ನೀಲ್ ಹರ್ಸ್ಟನ್ ಎಂಬ ಅಮೆರಿಕದ ಮಹಿಳೆಯ ವಿದ್ಯಾರ್ಥಿಜೀವನವನ್ನು ನೋಡಬೇಕು.

ಜೋರಾ 1891ರ ಜನವರಿ 7ರಂದು ಅಲಬಾಮಾ ಸಂಸ್ಥಾನದ ನೋಟಸಲ್ಗ ಎಂಬ ಊರಿನಲ್ಲಿ ಜನಿಸಿದಳು. ಆಫ್ರಿಕದಿಂದ ಗುಲಾಮರನ್ನಾಗಿ ಹೊತ್ತು ತಂದ ಕಪ್ಪು ಜನರ ಸಂತತಿ ಆಕೆಯದು. ಅಮೆರಿಕದಲ್ಲಿ ಗುಲಾಮಗಿರಿಯು 1865ರಲ್ಲಿ ಕಾನೂನಿನಿಂದ ಕೊನೆಗೊಂಡಿತ್ತು. ಆದರೆ ಕಪ್ಪು ಜನರ ಮೇಲಿನ ತಿರಸ್ಕಾರ ಕೊನೆಗೊಂಡಿರಲಿಲ್ಲ. ಜೋರಾ ಇನ್ನೂ ಎಳೆಯ ಮಗುವಾಗಿದ್ದಾಗ ಆಕೆಯ ಕುಟುಂಬವು ಫ್ಲಾರಿಡಾದ ಈಟನ್‌ವಿಲ್ ಎಂಬ ಊರಿಗೆ ಬಂದು ನೆಲೆಸಿತು. ಕಪ್ಪು ಜನರೇ ಕಟ್ಟಿಕೊಂಡು ತಾವೇ ಆಡಳಿತ ನಡೆಸುತ್ತಿದ್ದ ಅಮೆರಿಕದ ಮೊದಮೊದಲ ಊರುಗಳಲ್ಲಿ ಅದೂ ಒಂದು. ಜೋರಾಳ ತಂದೆ ಬಡಗಿಯಾಗಿದ್ದರು, ಧರ್ಮಬೋಧಕರಾಗಿದ್ದರು. ಕೆಲಕಾಲ ಆ ಊರಿನ ಮೇಯರ್ ಕೂಡ ಆಗಿದ್ದರು.

ಈಟನ್‌ವಿಲ್ ಊರಿನ ನಡುವೆ ಒಂದು ದಿನಸಿ ಅಂಗಡಿಯಿತ್ತು. ನಮ್ಮ ಹಳ್ಳಿಗಳಲ್ಲಿ ಅರಳಿಕಟ್ಟೆ ಇರುವಂತೆ ಆ ಊರಿಗೆ ಅಂಗಡಿಯ ಜಗಲಿ. ಸಂಜೆಯಾದರೆ ಊರಿನ ಗಂಡಸರು ಅಲ್ಲಿ ಸೇರುತ್ತಿದ್ದರು. ಮೊಲವು ನರಿಯನ್ನು ಮೋಸಗೊಳಿಸಿದ ಕಥೆ, ದೇವರೂ ಸೈತಾನನೂ ವಾದಕ್ಕೆ ನಿಂತ ಕಥೆ, ಜಾನ್ ಎಂಬ ಜಾಣ ಗುಲಾಮನು ಒಡೆಯನನ್ನು ಪೇಚಿಗೆ ಸಿಕ್ಕಿಸಿದ ಕಥೆ - ಒಬ್ಬನನ್ನು ಮೀರಿಸುವಂತೆ ಇನ್ನೊಬ್ಬನು ಹೇಳುತ್ತಿದ್ದನು. ಈ ಕಥೆಗಳನ್ನು ಅವರು ನಗುನಗುತ್ತ ‘ಸುಳ್ಳುಗಳು’ ಎಂದು ಕರೆಯುತ್ತಿದ್ದರು. ಅಂಗಡಿಗೆ ಸಾಮಾನು ತರಲು ಹೋದ ಪುಟ್ಟ ಜೋರಾ ಕಾಲೆಳೆಯುತ್ತ ಅಲ್ಲಿಯೇ ಸುಳಿದಾಡಿ, ಕಿವಿಗೆ ಬಿದ್ದಷ್ಟನ್ನು ಕೇಳಿಕೊಂಡು ಮನೆಗೆ ಮರಳುತ್ತಿದ್ದಳು. ಅದು ಒಂದು ವಿದ್ಯೆಯೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಹೇಳುವವರಿಗೂ ಅದು ವಿದ್ಯೆಯೆಂದು ತಿಳಿದಿರಲಿಲ್ಲ.

1904ರಲ್ಲಿ ತಾಯಿ ತೀರಿಕೊಂಡಳು. ತಂದೆ ಮತ್ತೊಂದು ಮದುವೆಯಾದರು. ಹದಿಮೂರರ ಹುಡುಗಿಗೆ ಮನೆಯ ಆಸರೆ ತಪ್ಪಿತು, ಶಾಲೆಯೂ ತಪ್ಪಿತು. ಅವರಿವರ ಮನೆಗಳಲ್ಲಿ ಕೆಲಸ ಮಾಡಿದಳು. ಊರಿಂದೂರಿಗೆ ಸಂಚರಿಸುವ ನಾಟಕ ತಂಡವೊಂದರ ಗಾಯಕಿಗೆ ಪರಿಚಾರಿಕೆಯಾದಳು. ಹೀಗೆ ವರ್ಷಗಳು ಕಳೆದವು. ಓದುವ ಹಂಬಲ ಮಾತ್ರ ಕಳೆಯಲಿಲ್ಲ. 1917ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಆಕೆ ಮತ್ತೆ ಶಾಲೆಯ ಬಾಗಿಲನ್ನು ತಟ್ಟಿದಳು. ವಯಸ್ಸು ಮೀರಿದವರಿಗೆ ಅಲ್ಲಿ ಉಚಿತ ಶಿಕ್ಷಣವಿರಲಿಲ್ಲ. ಇಪ್ಪತ್ತಾರು ವರ್ಷದ ಜೋರಾ ತನಗೆ ಹದಿನಾರು ವರ್ಷವೆಂದು ಬರೆಯಿಸಿದಳು. ಅಂದು ಕಳೆದುಕೊಂಡ ಆ ಹತ್ತು ವರ್ಷಗಳನ್ನು ಆಕೆ ತನ್ನ ಲೆಕ್ಕಕ್ಕೆ ಮತ್ತೆ ಸೇರಿಸಿಕೊಳ್ಳಲೇ ಇಲ್ಲ. ಮುಂದೆ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾನಿಲಯದಲ್ಲಿ, ದುಡಿಯುತ್ತ ಓದುತ್ತ, ಕಾಲೇಜು ವಿದ್ಯಾಭ್ಯಾಸದ ಮೊದಲ ಹಂತ ಮುಗಿಯಿತು. 1925ರ ಆರಂಭದಲ್ಲಿ ಜೋರಾ ನ್ಯೂಯಾರ್ಕಿಗೆ ಬಂದಾಗ ಕೈಯಲ್ಲಿದ್ದುದು ಒಂದೂವರೆ ಡಾಲರ್ ಎಂದು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಆ ವರ್ಷವೇ ವಿದ್ಯಾರ್ಥಿವೇತನದ ನೆರವಿನಿಂದ ಅವರಿಗೆ ಬಾರ್ನಾರ್ಡ್ ಕಾಲೇಜಿನಲ್ಲಿ ಪ್ರವೇಶ ದೊರೆಯಿತು. ಬಾರ್ನಾರ್ಡ್ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೊಂದಿಕೊಂಡಿದ್ದ ಪ್ರಸಿದ್ಧ ಮಹಿಳಾ ಕಾಲೇಜು. ಅಲ್ಲಿದ್ದ ಏಕೈಕ ಕಪ್ಪು ವಿದ್ಯಾರ್ಥಿನಿ ಜೋರಾ. ಸಾಹಿತ್ಯವನ್ನು ಓದಿ ಲೇಖಕಿಯಾಗಬೇಕೆಂಬುದು ಅವರ ಸಂಕಲ್ಪವಾಗಿತ್ತು. ಪದವಿಗೆ ಬೇರೆ ವಿಷಯಗಳೂ ಬೇಕಾಗಿದ್ದುದರಿಂದ ಮಾನವಶಾಸ್ತ್ರದ ತರಗತಿಗೆ ಹೆಸರು ಕೊಟ್ಟರು. ಅಲ್ಲಿ ಗ್ಲಾಡಿಸ್ ರೈಚರ್ಡ್ ಎಂಬ ಅಧ್ಯಾಪಿಕೆಗೆ ಬರೆದುಕೊಟ್ಟ ಒಂದು ಪ್ರಬಂಧವು ಕೊಲಂಬಿಯಾದ ಹಿರಿಯ ಪ್ರಾಧ್ಯಾಪಕ ಫ್ರಾಂಜ್ ಬೋವಾಸರ ಕಣ್ಣಿಗೆ ಬಿದ್ದಿತು. ಪೂರಕವಾಗಿ ಬಂದ ವಿಷಯವು ಬಾಳಿನ ದಾರಿಯನ್ನೇ ತಿರುಗಿಸಿತು.

ಬೋವಾಸರು ಜರ್ಮನಿಯಲ್ಲಿ ಜನಿಸಿದವರು. ಸಮುದ್ರದ ನೀರಿನ ಬಣ್ಣವನ್ನು ಕುರಿತು ಸಂಶೋಧನೆ ಮಾಡಿ 1881ರಲ್ಲಿ ಡಾಕ್ಟರೇಟ್ ಪಡೆದಿದ್ದ ಅವರು 1883ರಲ್ಲಿ ಉತ್ತರದ ಹಿಮಪ್ರದೇಶವಾದ ಬಾಫಿನ್ ದ್ವೀಪಕ್ಕೆ ಹೋಗಿ ಇನುಯಿಟ್ ಜನರೊಡನೆ ವಾಸಿಸಿದರು. ಕೊರೆಯುವ ಚಳಿಯಲ್ಲಿ, ಅರೆಹೊಟ್ಟೆಯಲ್ಲಿ, ಬೇಟೆಯ ಮಾಂಸವನ್ನು ಎಲ್ಲರಿಗೂ ಹಂಚಿ ತಿನ್ನುವ ಆ ಜನರನ್ನು ಕಂಡಾಗ, ಅವರಿಗಿಂತ ತಾವು ಯಾವುದರಲ್ಲಿ ನಾಗರಿಕರೆಂಬ ಪ್ರಶ್ನೆ ಅವರನ್ನು ಕಾಡಿತು. ಅಂದಿನ ಅನೇಕ ವಿದ್ವಾಂಸರು ತಲೆಬುರುಡೆಯ ಅಳತೆಯನ್ನು ಹಿಡಿದು, ಇಂಥ ಜನಾಂಗ ಮೇಲು, ಇಂಥದು ಕೀಳು ಎಂದು ಬರೆಯುತ್ತಿದ್ದರು. ಬೋವಾಸರು ಅದೇ ಅಳತೆಗೋಲನ್ನು ಕೈಗೆತ್ತಿಕೊಂಡರು. ಅಮೆರಿಕಕ್ಕೆ ವಲಸೆ ಬಂದವರನ್ನೂ ಅವರ ಮಕ್ಕಳನ್ನೂ ಸೇರಿಸಿ ಸುಮಾರು 18,000 ಜನರ ಅಳತೆಗಳನ್ನು ಪರಿಶೀಲಿಸಿ, ಹೊಸ ಪರಿಸರದಲ್ಲಿ ಹುಟ್ಟಿ ಬೆಳೆದ ಮಕ್ಕಳ ತಲೆಯ ಆಕಾರವು ತಂದೆತಾಯಿಯರ ತಲೆಯ ಆಕಾರದಿಂದ ವ್ಯತ್ಯಾಸವಾಗುತ್ತದೆಂದು ತೋರಿಸಿದರು. ಹೀಗೆ ಬದಲಾಗುವ ಒಂದು ಅಳತೆಯು ಜನಾಂಗದ ಶಾಶ್ವತ ಲಕ್ಷಣವಾಗುವುದು ಹೇಗೆ? ಒಂದು ಜನಾಂಗದ ನಡೆನುಡಿಯನ್ನು ಅದರ ಇತಿಹಾಸ ಮತ್ತು ಪರಿಸರದ ಹಿನ್ನೆಲೆಯಲ್ಲಿಯೇ ಅರಿಯಬೇಕು. ತನ್ನ ಮನೆಯ ಕೊಳಗದಿಂದ ನೆರೆಮನೆಯ ರಾಶಿಯನ್ನು ಅಳೆಯಬಾರದು - ಇದು ಅವರು ಶಿಷ್ಯರಿಗೆ ಕಲಿಸಿದ ತತ್ತ್ವ.

ಶಿಷ್ಯೆಯಾದ ಜೋರಾರಿಗೂ ಅಳತೆಯ ಕೆಲಸ ಬಂದಿತು. ನ್ಯೂಯಾರ್ಕಿನ ಹಾರ್ಲೆಮ್ ಎಂಬಲ್ಲಿ ಕಪ್ಪು ಜನರು ದಟ್ಟವಾಗಿ ವಾಸಿಸುತ್ತಿದ್ದರು. ಅಲ್ಲಿಯ ಬೀದಿಯಲ್ಲಿ ನಿಂತು, ಹೋಗಿ ಬರುವವರನ್ನು ತಡೆದು, ವಿಚಿತ್ರವಾದ ಸಲಕರಣೆಯೊಂದರಿಂದ ಅವರ ತಲೆಯ ಸುತ್ತಳತೆ ಅಗಲಗಳನ್ನು ಜೋರಾ ಗುರುತು ಹಾಕಿಕೊಳ್ಳುತ್ತಿದ್ದರು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಬೈಗುಳ ತಿನ್ನಬೇಕಾಗುತ್ತಿತ್ತು, ಜೋರಾ ಮಾತ್ರ ಪಾರಾಗುತ್ತಿದ್ದರು ಎಂದು ಅವರ ಸ್ನೇಹಿತ, ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ನೆನಪಿಸಿಕೊಂಡಿದ್ದಾರೆ.

ಆದರೆ ತಲೆಯ ಹೊರಗಿನ ಅಳತೆಗಿಂತ ಒಳಗಿನ ಸಂಪತ್ತೇ ಜೋರಾರನ್ನು ಸೆಳೆಯಿತು. ಕಣ್ಣಿಗೆ ತನ್ನದೇ ರೆಪ್ಪೆ ಕಾಣುವುದಿಲ್ಲ. ಈಟನ್‌ವಿಲ್‌ನ ಜಗಲಿಯಲ್ಲಿ ಕೇಳಿದ ಕಥೆಗಳು ಅವರಿಗೆ ಉಸಿರಿನಷ್ಟು ಸಹಜವಾಗಿದ್ದವು. ಆದ್ದರಿಂದಲೇ ಅವುಗಳನ್ನು ದೂರದಿಂದ ನೋಡಲು ಸಾಧ್ಯವಾಗಿರಲಿಲ್ಲ. ಮಾನವಶಾಸ್ತ್ರವು ಆ ದೂರವನ್ನು ಒದಗಿಸಿತು. ಅಂಗಡಿಯ ಜಗಲಿಯ ‘ಸುಳ್ಳುಗಳು’ ಒಂದು ಜನಾಂಗವು ಸಾಗರವನ್ನು ದಾಟಿ, ಸಂಕೋಲೆಯನ್ನು ತೊಟ್ಟು, ಆದರೂ ನಗುವನ್ನು ಬಿಡದೆ ಉಳಿಸಿಕೊಂಡು ಬಂದ ಆಸ್ತಿ ಎಂಬುದು ಕಾಲೇಜಿನ ತರಗತಿಯಲ್ಲಿ ಅವರಿಗೆ ಹೊಳೆಯಿತು.

1927ರ ಫೆಬ್ರವರಿಯಲ್ಲಿ, ಪದವಿ ಕೈಸೇರುವ ಮೊದಲೇ, ಬೋವಾಸರು 1,400 ಡಾಲರುಗಳ ಸಂಶೋಧನ ವೇತನವನ್ನು ಏರ್ಪಡಿಸಿ ಜೋರಾರನ್ನು ದಕ್ಷಿಣಕ್ಕೆ ಕಳುಹಿಸಿದರು. ಆ ಆಸ್ತಿಯನ್ನು ಸಂಗ್ರಹಿಸಿ ತರುವುದು ಕೆಲಸ. ಹುಟ್ಟಿ ಬೆಳೆದ ನಾಡು, ಬಲ್ಲ ಜನ, ಆಡುವ ಭಾಷೆ. ಇದಕ್ಕಿಂತ ಸುಲಭವಾದುದು ಏನಿದೆ? ಆದರೂ ಆ ಯಾತ್ರೆ ಫಲಿಸಲಿಲ್ಲ. ಜೋರಾ ಬಾರ್ನಾರ್ಡಿನ ನಾಜೂಕು ಉಚ್ಚಾರದಲ್ಲಿ, ಜನಪದ ಕಥೆಗಳೇನಾದರೂ ಗೊತ್ತೇ ಎಂದು ಕೇಳಿದರು. ಜಗಲಿಯ ಮೇಲಿನ ಜನ ಮುಖಮುಖ ನೋಡಿಕೊಂಡರು. ಅಂಥದೇನೂ ತಮ್ಮಲ್ಲಿಲ್ಲ, ಮುಂದಿನ ಸೀಮೆಯಲ್ಲಿ ಕೇಳಿ ನೋಡಬಹುದು ಎಂದು ವಿನಯದಿಂದಲೇ ಸಾಗಹಾಕಿದರು. ಮುಂದಿನ ಸೀಮೆಯಲ್ಲಿಯೂ ಅದೇ ಉತ್ತರ. ಎದುರಿಗಿದ್ದವಳು ತಮ್ಮ ಮಗಳೆಂದು ಅವರಿಗೆ ಅನ್ನಿಸಲಿಲ್ಲ. ಕಾಲೇಜಿನಿಂದ ಬಂದ ಒಬ್ಬ ಅಧಿಕಾರಿಣಿಯಂತೆ ಕಂಡಳು. ವಿದ್ಯೆಯು ಜೋರಾರಿಗೆ ತಮ್ಮ ಜನರನ್ನು ಕಾಣುವ ಕಣ್ಣನ್ನು ಕೊಟ್ಟಿತ್ತು. ಅದೇ ವಿದ್ಯೆಯ ಮಾತು ಇಬ್ಬರ ನಡುವೆ ಗೋಡೆಯಾಗಿ ನಿಂತಿತು.

ಕಳುಹಿಸಿದ ಸಾಮಗ್ರಿಯನ್ನು ನೋಡಿ ಬೋವಾಸರು ಮೇ ತಿಂಗಳಲ್ಲಿ ಒಂದು ಪತ್ರ ಬರೆದರು. ಬಂದಿರುವುದರಲ್ಲಿ ಬಹುಪಾಲು ಈಗಾಗಲೇ ತಿಳಿದಿರುವುದೇ ಎಂದು ಅವರು ಮುಚ್ಚುಮರೆಯಿಲ್ಲದೆ ತಿಳಿಸಿದರು. ಕಥೆಯ ವಸ್ತುವಿಗಿಂತ ಅದನ್ನು ಹೇಳುವ ರೀತಿಗೆ, ಮಾತಿನ ಧಾಟಿಗೆ, ಮೈಕೈಗಳ ಚಲನೆಗೆ ಗಮನ ಕೊಡಬೇಕೆಂದು ಸೂಚಿಸಿದರು. ನ್ಯೂಯಾರ್ಕಿಗೆ ಮರಳಿದ ಜೋರಾ ಗುರುವಿನ ಮುಂದೆ ಕಣ್ಣೀರಿಟ್ಟರು. ಆದರೆ ಆ ಪತ್ರದಲ್ಲಿ ಒಂದು ದೊಡ್ಡ ಪಾಠವಿತ್ತು. ಒಂದೇ ಕಥೆಯನ್ನು ಹತ್ತು ಊರುಗಳಲ್ಲಿ ಹೇಳಬಹುದು. ಹೇಳುವವನು ಎಲ್ಲಿ ತಡೆದ, ಎಲ್ಲಿ ದನಿ ತಗ್ಗಿಸಿದ, ಕೇಳುವವರು ಎಲ್ಲಿ ನಕ್ಕರು ಎಂಬುದರಲ್ಲಿ ಆ ಜನರ ಬಾಳು ಅಡಗಿರುತ್ತದೆ. ಅದನ್ನು ಕಾಣಬೇಕಾದರೆ ಪ್ರಶ್ನೆ ಕೇಳಿ ಬರೆದುಕೊಂಡು ಹೊರಟುಬಿಟ್ಟರೆ ಸಾಲದು. ಜಗಲಿಯ ಮೇಲೆ ಜಾಗ ಸಿಗುವ ತನಕ ಕಾಯಬೇಕು.

1927ರ ಕೊನೆಯಲ್ಲಿ ಜೋರಾ ಮತ್ತೆ ದಕ್ಷಿಣಕ್ಕೆ ಹೊರಟರು. ಈ ಸಲ ಹಣ ಒದಗಿಸಿದವರು ನ್ಯೂಯಾರ್ಕಿನ ಒಬ್ಬ ಶ್ರೀಮಂತ ಮಹಿಳೆ. ತಿಂಗಳಿಗೆ 200 ಡಾಲರ್ ದೊರೆಯುತ್ತಿತ್ತು. ಆದರೆ ಸಂಗ್ರಹಿಸಿದುದೆಲ್ಲವೂ ದಾನಿಯ ಸ್ವತ್ತು, ಅನುಮತಿಯಿಲ್ಲದೆ ಪ್ರಕಟಿಸಕೂಡದು ಎಂಬ ಕರಾರಿತ್ತು. ಹೊಟ್ಟೆಗೆ ಹಿಟ್ಟು ಕೊಡುವ ಕರಾರು ನಾಲಗೆಗೆ ಬೀಗವನ್ನೂ ಹಾಕಿತ್ತು. ಬೇರೆ ದಾರಿಯಿಲ್ಲದ ಜೋರಾ ಅದಕ್ಕೆ ಒಪ್ಪಿದರು. ಬಾರ್ನಾರ್ಡಿನ ಬಿ.ಎ. ಪದವಿ ಅವರಿಗೆ 1928ರಲ್ಲಿ ದೊರೆಯಿತು. ಆ ಕಾಲೇಜಿನ ಪದವಿ ಪಡೆದ ಮೊದಲ ಕಪ್ಪು ಮಹಿಳೆ ಅವರೇ.

ಫ್ಲಾರಿಡಾದ ಲೌಮನ್ ಎಂಬಲ್ಲಿ ಮರ ಕೊಯ್ಯುವ ಕಾರ್ಖಾನೆಯ ಕೂಲಿಗಾರರ ಬಿಡಾರಗಳಿದ್ದವು. ಜೋರಾ ಅಲ್ಲಿಗೆ ಹೋದಾಗ ಜನರು ಹತ್ತಿರ ಸುಳಿಯಲಿಲ್ಲ. ಅವರ ಹೊಳೆಯುವ ಮೋಟಾರು ಕಾರನ್ನು ನೋಡಿ, ಪೊಲೀಸ್ ಪತ್ತೇದಾರಿಣಿ ಇರಬೇಕೆಂದು ಶಂಕಿಸಿದರು. ಉಳಿದ ಹೆಂಗಸರು 1 ಡಾಲರ್ 98 ಸೆಂಟಿನ ಉಡುಪು ತೊಟ್ಟಿದ್ದ ಕಡೆ ತಾವು 12 ಡಾಲರ್ 74 ಸೆಂಟಿನ ಉಡುಪು ತೊಟ್ಟು ನಿಂತಿರುವುದು ಜೋರಾರ ಗಮನಕ್ಕೆ ಬಂದಿತು. ಶಂಕೆಯನ್ನು ಕಳೆಯಲು, ತಾನೂ ಕಳ್ಳ ಮದ್ಯದ ವ್ಯಾಪಾರ ಮಾಡಿ ಪೊಲೀಸರಿಗೆ ಹೆದರಿ ತಲೆಮರೆಸಿಕೊಂಡವಳೆಂದು ಕಥೆ ಕಟ್ಟಿದರು. ಇಂದು ಮಾನವಶಾಸ್ತ್ರದ ತರಗತಿಗಳಲ್ಲಿ ಇಂಥ ಮರೆಮಾಚುವಿಕೆಯನ್ನು ಒಪ್ಪುವುದಿಲ್ಲ. ಅಧ್ಯಯನದ ಉದ್ದೇಶವನ್ನು ಮೊದಲೇ ತಿಳಿಸಿ ಜನರ ಒಪ್ಪಿಗೆ ಪಡೆಯಬೇಕೆಂದು ಕಲಿಸುತ್ತಾರೆ. ಜೋರಾರಿಗೆ ನಿಜವಾಗಿ ಬಾಗಿಲು ತೆರೆದುದು ಒಂದು ಹಾಡು. ಸಂತೋಷಕೂಟವೊಂದರಲ್ಲಿ ಅವರು ಕೂಲಿಗಾರರ ಮೆಚ್ಚಿನ ಹಾಡನ್ನು ಅವರದೇ ಧಾಟಿಯಲ್ಲಿ ಹಾಡಿದರು, ಬಲ್ಲವರು ದನಿಗೂಡಿಸಿದರು. ಅಂದಿನಿಂದ ಅವರು ಹೊರಗಿನವರಾಗಿ ಉಳಿಯಲಿಲ್ಲ. ಅನಂತರ ತಮ್ಮ ಉದ್ದೇಶವನ್ನು ತಿಳಿಸಿ ‘ಸುಳ್ಳು’ ಹೇಳುವ ಸ್ಪರ್ಧೆಯನ್ನೇ ಏರ್ಪಡಿಸಿದರು. ಮುಂದಿನ ಸೀಮೆಗೆ ಹೋಗು ಎನ್ನುತ್ತಿದ್ದ ಜನರ ಬಾಯಲ್ಲಿ ಕಥೆಗಳು ಹೊಳೆಯಾಗಿ ಹರಿದವು.

ಅಲಬಾಮಾದ ಮೊಬಿಲ್ ನಗರದ ಬಳಿಯ ಹಳ್ಳಿಯೊಂದರಲ್ಲಿ ಕಜೋ ಲೂಯಿಸ್ ಎಂಬ ಮುದುಕನಿದ್ದನು. ಗುಲಾಮರನ್ನು ಹೊರಗಿನಿಂದ ತರುವುದು ಕಾನೂನಿಗೆ ವಿರುದ್ಧವಾಗಿ ಅರ್ಧ ಶತಮಾನ ಕಳೆದಿದ್ದರೂ, 1860ರಲ್ಲಿ ಕ್ಲೋಟಿಲ್ಡಾ ಎಂಬ ಹಡಗು ಆಫ್ರಿಕದಿಂದ ನೂರಕ್ಕೂ ಹೆಚ್ಚು ಜನರನ್ನು ಗುಟ್ಟಾಗಿ ಹೊತ್ತು ತಂದಿತ್ತು. ಅವರಲ್ಲಿ ಇವನೂ ಒಬ್ಬ. ಜೋರಾ ಅವನನ್ನು ಅವನ ಆಫ್ರಿಕದ ಹೆಸರಿನಿಂದ, ‘ಕೊಸ್ಸುಲ’ ಎಂದು ಕರೆದಾಗ ಮುದುಕನ ಕಣ್ಣು ತುಂಬಿ ಬಂದಿತು. ತಿಂಗಳುಗಟ್ಟಲೆ ಜೋರಾ ಅವನಲ್ಲಿಗೆ ಹೋಗಿ ಬಂದರು. ಹಣ್ಣು ಕೊಂಡೊಯ್ದರು, ಅವನ ಕೆಲಸಕ್ಕೆ ಕೈ ಜೋಡಿಸಿದರು. ಅವನು ಮಾತನಾಡುವ ಮನಸ್ಸಿಲ್ಲವೆಂದ ದಿನ ಸುಮ್ಮನೆ ಹಿಂದಿರುಗಿದರು. ಮಾತನಾಡಿದ ದಿನ ಅವನ ನುಡಿ ಹೇಗಿತ್ತೋ ಹಾಗೆಯೇ ಬರೆದುಕೊಂಡರು. 1931ರಲ್ಲಿ ಒಬ್ಬ ಪ್ರಕಾಶಕರು, ಮುದುಕನ ಆಡುನುಡಿಯನ್ನು ಶಿಷ್ಟ ಭಾಷೆಗೆ ತಿದ್ದಿಕೊಟ್ಟರೆ ಪುಸ್ತಕವನ್ನು ಅಚ್ಚು ಹಾಕುವುದಾಗಿ ಹೇಳಿದರು. ಜೋರಾ ಒಪ್ಪಲಿಲ್ಲ. ಊರು, ಬಂಧು, ಹೆಸರು ಎಲ್ಲವನ್ನೂ ಕಳೆದುಕೊಂಡವನಿಂದ ಅವನ ಮಾತನ್ನೂ ಕಿತ್ತುಕೊಳ್ಳಲು ಅವರ ಮನಸ್ಸು ಒಪ್ಪದೆ ಹೋಯಿತು. ಆ ಪುಸ್ತಕವು ಬೆಳಕು ಕಂಡುದು 2018ರಲ್ಲಿ.

ಜನಪದ ಕಥೆಗಳ ಸಂಗ್ರಹವಾದ ‘ಮ್ಯೂಲ್ಸ್ ಅಂಡ್ ಮೆನ್’ 1935ರಲ್ಲಿ ಪ್ರಕಟವಾಯಿತು. ಅದಕ್ಕೆ ಮುನ್ನುಡಿ ಬರೆದವರು ಬೋವಾಸರು. 1937ರಲ್ಲಿ ‘ದೇರ್ ಐಸ್ ವರ್ ವಾಚಿಂಗ್ ಗಾಡ್’ ಎಂಬ ಕಾದಂಬರಿ ಬಂದಿತು. ಈಟನ್‌ವಿಲ್‌ನ ಜಗಲಿ ಅದರಲ್ಲಿ ಮತ್ತೆ ಜೀವ ತಳೆದಿದೆ. ಡಾಕ್ಟರೇಟ್ ವ್ಯಾಸಂಗಕ್ಕೆ ಬೇಕಾದ ಧನಸಹಾಯ ಮೊಟಕಾದುದರಿಂದ ಅದು ಅವರಿಗೆ ದಕ್ಕಲಿಲ್ಲ. ಆದರೂ ಜಮೈಕಾ, ಹೈಟಿ ದ್ವೀಪಗಳ ಜನಜೀವನವನ್ನು ಅವರು ಅಧ್ಯಯನ ಮಾಡಿ ಗ್ರಂಥ ಬರೆದರು. ಅವರ ಕೈಯಲ್ಲಿದ್ದ ಶಾಸ್ತ್ರದ ಪದವಿ ಬಿ.ಎ. ಒಂದೇ.

ಕಡೆಯ ವರ್ಷಗಳು ಬಡತನದಲ್ಲಿ ಕಳೆದವು. ಪುಸ್ತಕಗಳು ಅಂಗಡಿಗಳಿಂದ ಮರೆಯಾದವು. 1960ರ ಜನವರಿ 28ರಂದು ಫ್ಲಾರಿಡಾದ ಫೋರ್ಟ್ ಪಿಯರ್ಸ್ ಎಂಬಲ್ಲಿ ಜೋರಾ ತೀರಿಕೊಂಡರು. ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. ಅವರು ಬಿಟ್ಟುಹೋದ ಕಾಗದಪತ್ರಗಳನ್ನು ಕಸವೆಂದು ಬೆಂಕಿಗೆ ಹಾಕಿದ್ದಾಗ, ಅವರನ್ನು ಬಲ್ಲ ಒಬ್ಬ ಪೊಲೀಸ್ ಅಧಿಕಾರಿ ಆ ದಾರಿಯಲ್ಲಿ ಬಂದು ಬೆಂಕಿಯನ್ನಾರಿಸಿ ಉಳಿಸಿದನು. ಆ ಕಾಗದಗಳು ಇಂದು ಫ್ಲಾರಿಡಾ ವಿಶ್ವವಿದ್ಯಾನಿಲಯದಲ್ಲಿವೆ. 1973ರಲ್ಲಿ ಲೇಖಕಿ ಆಲಿಸ್ ವಾಕರ್ ಹುಲ್ಲು ಬೆಳೆದ ಸ್ಮಶಾನದಲ್ಲಿ ಹುಡುಕಿ, ಸಮಾಧಿಯಿದ್ದ ಸ್ಥಳವನ್ನು ಊಹಿಸಿ ಕಲ್ಲು ನೆಡಿಸಿದರು. ಕಾದಂಬರಿಕಾರ್ತಿ, ಜಾನಪದ ವಿದ್ವಾಂಸೆ, ಮಾನವಶಾಸ್ತ್ರಜ್ಞೆ ಎಂದು ಅದರ ಮೇಲೆ ಬರೆಯಿಸಿದರು. ಹುಟ್ಟಿದ ವರ್ಷ 1901 ಎಂದು ಆ ಕಲ್ಲಿನಲ್ಲಿದೆ. ಶಾಲೆಗೆ ಸೇರಲು ಕಳೆದುಕೊಂಡ ಹತ್ತು ವರ್ಷಗಳು ಹಾಗೆ ಕಲ್ಲಿನ ಮೇಲೂ ಕಳೆದುಹೋಗಿವೆ.

ಓದಿದವರು ತಮ್ಮ ಊರಿನ ಮಾತಿಗೆ ನಾಚಿಕೊಳ್ಳುವುದು ಎಲ್ಲ ದೇಶಗಳಲ್ಲಿಯೂ ಉಂಟು. ವಿದ್ಯೆಯು ಮೊದಲು ಮನುಷ್ಯನನ್ನು ತನ್ನವರಿಂದ ಕೊಂಚ ದೂರ ಒಯ್ಯುತ್ತದೆ. ಆ ದೂರವಿಲ್ಲದೆ ಅವರ ಹಿರಿಮೆ ಕಾಣುವುದೂ ಇಲ್ಲ. ಆದರೆ ಅಲ್ಲಿಂದ ಹಿಂದಿರುಗುವ ದಾರಿಯನ್ನು ಪ್ರತಿಯೊಬ್ಬನೂ ತಾನೇ ಹುಡುಕಿಕೊಳ್ಳಬೇಕು. ಜೋರಾ ಆ ದಾರಿಯಲ್ಲಿ ಒಮ್ಮೆ ಸೋತು, ಮತ್ತೊಮ್ಮೆ ಹೊರಟು, ಅಕ್ಷರವರಿಯದ ಕೂಲಿಗಾರರ ಮುಂದೆ ವಿದ್ಯಾರ್ಥಿನಿಯಾಗಿ ಕುಳಿತರು. ಬಾರ್ನಾರ್ಡಿನಲ್ಲಿ ಆರಂಭವಾದ ಪಾಠವು ಅವರಿಗೆ ಪೂರ್ತಿಯಾದುದು ಅಲ್ಲಿಯೇ.

ಶಬ್ದಾರ್ಥ

ಅವಶೇಷ - ಉಳಿಕೆ
ಕಡತ - ದಾಖಲೆಗಳ ಕಟ್ಟು
ಕೊಳಗ - ಧಾನ್ಯ ಅಳೆಯುವ ಒಂದು ಅಳತೆ
ಧಾಟಿ - ರೀತಿ, ಶೈಲಿ
ಪರಿಚಾರಿಕೆ - ಸೇವೆ ಮಾಡುವವಳು
ಸಂಕೋಲೆ - ಬೇಡಿ, ಸರಪಳಿ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮಾನವಶಾಸ್ತ್ರದ ನಾಲ್ಕು ಶಾಖೆಗಳು ಯಾವುವು?
2. ಈಟನ್‌ವಿಲ್ ಜನರು ತಮ್ಮ ಕಥೆಗಳನ್ನು ಏನೆಂದು ಕರೆಯುತ್ತಿದ್ದರು?
3. ಬೋವಾಸರು ಮೊದಲು ಯಾವ ವಿಷಯವನ್ನು ಕುರಿತು ಸಂಶೋಧನೆ ಮಾಡಿದ್ದರು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಜೋರಾ ಮತ್ತೆ ಶಾಲೆಗೆ ಸೇರಿದುದು ಹೇಗೆ?
2. 1927ರ ಮೊದಲ ಯಾತ್ರೆ ಏಕೆ ಫಲಿಸಲಿಲ್ಲ?
3. ಬೋವಾಸರ ಪತ್ರದಲ್ಲಿದ್ದ ಪಾಠವೇನು?
4. ಕೊಸ್ಸುಲನ ಆಡುನುಡಿಯನ್ನು ತಿದ್ದಲು ಜೋರಾ ಒಪ್ಪದಿರಲು ಕಾರಣವೇನು?

ಇ. ಸಂದರ್ಭ ಸೂಚಿಸಿ ವಿವರಿಸಿರಿ.
1. “ತನ್ನ ಮನೆಯ ಕೊಳಗದಿಂದ ನೆರೆಮನೆಯ ರಾಶಿಯನ್ನು ಅಳೆಯಬಾರದು.”
2. “ಹೊಟ್ಟೆಗೆ ಹಿಟ್ಟು ಕೊಡುವ ಕರಾರು ನಾಲಗೆಗೆ ಬೀಗವನ್ನೂ ಹಾಕಿತ್ತು.”

ಈ. ಮಾಡಿ ನೋಡಿರಿ.
ನಿಮ್ಮ ಊರಿನ ಹಿರಿಯರೊಬ್ಬರಿಂದ, ಅವರ ಒಪ್ಪಿಗೆ ಪಡೆದು, ಒಂದು ಕಥೆಯನ್ನು ಕೇಳಿ ಅವರು ಹೇಳಿದ ಮಾತಿನಲ್ಲಿಯೇ ಬರೆಯಿರಿ. ಬರೆದುದನ್ನು ಅವರಿಗೆ ಓದಿ ಹೇಳಿರಿ.